ಎರಡು ದಶಮಿಯ ಡಬ್ಬಿಗಳು

ನಂಜನಗೂಡಿನಿಂದ ಚಿಕ್ಕಯ್ಯನಛತ್ರದ ಕಡೆಗೆ ಹೋಗುವ ರಸ್ತೆಯಲ್ಲಿ ‘ಹೊಂಗೆನೆರಳು’ ಎಂಬ ಹಿರಿಯರ ಮನೆಯಿದೆ. ಹೊಂಗೆಮರ ಇದ್ದದ್ದು ನಿಜ. ಕಾಂಪೌಂಡು ಕಟ್ಟುವಾಗ ಕಡಿದುಹಾಕಿದರು, ಅಷ್ಟರಲ್ಲಿ ಬೋರ್ಡು ಬರೆಸಿಯಾಗಿತ್ತು. ಅಲ್ಲಿ ಇಪ್ಪತ್ತಮೂರು ಜನ ಹಿರಿಯರು ಮತ್ತು ಆಳೆತ್ತರದ ಒಂದು ಫ್ರಿಜ್ಜಿನ ವಾಸ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಹಿರಿಯರೆಲ್ಲ ಮಲಗಿ, ಫ್ರಿಜ್ಜೊಂದೇ ಎಚ್ಚರವಾಗಿದ್ದು ಗುಂಯ್ಯೆನ್ನುತ್ತದೆ. ಆ ಸದ್ದು ಕೇಳುತ್ತ ಕಣ್ಣು ಮುಚ್ಚಿದರೆ ಹೊಳೆಯ ಕನಸು ಬೀಳುತ್ತದೆಂದು ಎಲ್ಲರ ಅನುಭವ. ನಂಜನಗೂಡಿನವರ ಕನಸಿನಲ್ಲಿ ಹರಿಯುವುದು ಕಪಿಲೆ, ತಲಕಾಡಿನವರ ಕನಸಿನಲ್ಲಿ ಕಾವೇರಿ. ತಿರುಮಕೂಡಲು ನರಸೀಪುರದವರು ಮಾತ್ರ ತಮ್ಮ ಕನಸಿಗೆ ಎರಡೂ ಬರುತ್ತವೆಂದು ಹೇಳಿ ಉಳಿದವರ ಬಾಯಿ ಮುಚ್ಚಿಸುತ್ತಾರೆ.

ಹೋದ ವರ್ಷ ಕಾಯಿಚಟ್ನಿ ಕೆಟ್ಟು ಒಂಬತ್ತು ಜನರಿಗೆ ಡ್ರಿಪ್ಪು ಹಾಕಿಸಬೇಕಾಯಿತು. ಆಮೇಲೆ ಟ್ರಸ್ಟಿನವರು ಅಡುಗೆಮನೆಯ ಮೇಲ್ವಿಚಾರಣೆಗೆ ಪವಿತ್ರಾಳನ್ನು ನೇಮಿಸಿ, ಮೈಸೂರಿನಲ್ಲಿ ಎರಡು ದಿನದ ಟ್ರೈನಿಂಗಿಗೆ ಕಳಿಸಿದರು. ದಿನಾ ನರಸೀಪುರದಿಂದ ಬಸ್ಸಿನಲ್ಲಿ ಬಂದುಹೋಗುವ ಮೂವತ್ತು ವರ್ಷದ ಹೆಂಗಸು. ಮಾತಿಗಿಂತ ಹುಬ್ಬಿನಲ್ಲಿ ಹೆಚ್ಚು ಕೆಲಸ ಮಾಡಿಸುವವಳು. ಟ್ರೈನಿಂಗಿನಿಂದ ಒಂದು ಸುರುಳಿ ಬಿಳಿ ಚೀಟಿ ತಂದಳು, ಹಿಂದೆ ಅಂಟಿರುವಂಥದು.

“ಫ್ರಿಜ್ಜೊಳಕ್ಕೆ ಹೋಗೋ ಪ್ರತಿ ಡಬ್ಬಿಗೂ ಚೀಟಿ,” ಎಂದಳು. “ಏನು ಪದಾರ್ಥ, ಯಾವತ್ತು ಮಾಡಿದ್ದು. ಮಾರನೇ ದಿನಕ್ಕೆ ಆಚೆಗೆ. ಅನುಮಾನ ಬಂದ್ರೂ ಆಚೆಗೆ.”

ಅಡುಗೆಯ ಚಿಕ್ಕಮಾದಮ್ಮನಿಗೆ ಅವಮಾನವಾಯಿತು. “ಮೂಸಿದ್ರೆ ಗೊತ್ತಾಗಲ್ವಾ ಪವಿತ್ರಮ್ಮ? ನಲವತ್ತು ವರ್ಸದಿಂದ ಇದೇ ಮೂಗಲ್ವಾ?”

“ಮೂಗಿಗೆ ನೆಗಡಿ ಬಂದ್ರೆ?”

“ಬಂದಾಗ ನಮ್ ಯಜಮಾನ್ರು ಮೂಸೋರು.”

ಯಜಮಾನರು ಹೋಗಿ ಆರು ವರ್ಷವಾಗಿತ್ತಾದ್ದರಿಂದ ವಾದ ಅಲ್ಲಿಗೆ ನಿಂತಿತು.

ಚೀಟಿಯಿಂದ ಮೊದಲು ನೊಂದವರು ಮಾದಪ್ಪ. ನರಸೀಪುರ ತಾಲ್ಲೂಕಿನ ಗೌಡರು, ಐವತ್ತು ವರ್ಷ ಭತ್ತ ಬೆಳೆದು, ಜೀವಮಾನವೆಲ್ಲ ಬೆಳಿಗ್ಗೆ ತಿಂದದ್ದು ಹಿಂದಿನ ದಿನದ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ. ಈಗ ಅವರ ತಂಗಳು ಮುದ್ದೆ ದಿನಾ ಬೆಳಿಗ್ಗೆ ಅವರ ಕಣ್ಣೆದುರೇ ಬಕೆಟ್ಟಿಗೆ ಬೀಳುತ್ತಿತ್ತು. ಒಮ್ಮೆ ಪೆನ್ನು ಕದ್ದು ಚೀಟಿಯ ಆರನ್ನು ಎಂಟು ಮಾಡಿದರು. ಪವಿತ್ರಾ ಹುಬ್ಬೆತ್ತಿ, “ತಾರೀಖು ಬರೆಯೋ ಸಾಲು ನಂದು. ನನ್ನ ಬಿಟ್ಟು ಯಾರೂ ಅದನ್ನ ಮುಟ್ಟಂಗಿಲ್ಲ,” ಎಂದು ಅಡುಗೆಮನೆಗೆಲ್ಲ ಕೇಳುವಂತೆ ಹೇಳಿದಳು.

ಎರಡನೆಯದಾಗಿ ಕಷ್ಟಕ್ಕೆ ಸಿಕ್ಕಿದವರು ಚಂಪಕಮ್ಮ. ಅವರ ಕಷ್ಟ ಮಾದಪ್ಪನವರದಕ್ಕೆ ತದ್ವಿರುದ್ಧ.

ಚಂಪಕಮ್ಮ ತಲಕಾಡಿನ ಅರ್ಚಕರ ಮಗಳು. ಅವರು ಹುಟ್ಟಿದ ಮನೆಯಲ್ಲಿ ಬೇಯಿಸಿದ ಯಾವ ಪದಾರ್ಥವೂ ಎರಡನೆಯ ಸೂರ್ಯೋದಯ ಕಂಡದ್ದಿಲ್ಲ. ಗಂಡ ಶಂಕರನಾರಾಯಣ ಮೇಷ್ಟ್ರು ನರಸೀಪುರದ ಹೈಸ್ಕೂಲಿನಲ್ಲಿ ಸಂಸ್ಕೃತ ಹೇಳಿದವರು. ಬಿಡುವಿನಲ್ಲಿ ಮಠವೊಂದರ ಪಂಚಾಂಗದ ಕರಡು ತಿದ್ದಿಕೊಡುತ್ತಿದ್ದರು. ಮನೆಯಲ್ಲಿ ಚಂಪಕಮ್ಮ ಗ್ಯಾಸು ಆರಿಸುವುದನ್ನು ಮೂರನೆಯ ಸಲ ಮರೆತ ದಿನ ಇಬ್ಬರೂ ಕೂತು ಮಾತಾಡಿ, ಮೈಸೂರಿನಲ್ಲಿದ್ದ ಮಗಳು ಸುಚೇತಾಳಿಗೆ ಫೋನು ಮಾಡಿ, ತಾವಾಗಿಯೇ ಇಲ್ಲಿಗೆ ಬಂದರು. ಚಂಪಕಮ್ಮನಿಗೆ ಆ ಮಾತುಕತೆಯೂ ಮರೆತುಹೋಯಿತು. ಇದನ್ನು ಅವರು ಯಾರದೋ ಮದುವೆ ಛತ್ರವೆಂದೇ ತಿಳಿದಿದ್ದರು. ಎರಡು ವರ್ಷವಾದರೂ ಮದುಮಗಳು ಕಾಣಿಸದಿರುವುದು ಅವರಿಗೆ ವಿಚಿತ್ರವೆನಿಸಿರಲಿಲ್ಲ.

ಊಟದ ಹೊತ್ತಿಗೆ ಅವರು ಅಡುಗೆಮನೆಯ ಬಾಗಿಲಿನ ಬೆಂಚಿನಲ್ಲಿ ಕೂತು ಕೇಳುವುದು ಒಂದೇ: “ಇವತ್ತಿಂದೇನಾ?”

ಚಿಕ್ಕಮಾದಮ್ಮ ಹೌದೆಂದರೆ ನಂಬುತ್ತಿರಲಿಲ್ಲ. ಫ್ರಿಜ್ಜಿನಿಂದ ಬಂದದ್ದೆಲ್ಲ ಅವರ ಪಾಲಿಗೆ ತಂಗಳು. ಚೀಟಿ ತೋರಿಸಿದರೆ, “ಹದಿಮೂರು ಬಾರು ಒಂಬತ್ತು? ಇದು ಯಾರ ಮನೆ ಲೆಕ್ಕ?” ಎಂದು ತಟ್ಟೆ ಸರಿಸುವರು. ತೂಕ ಮೂವತ್ತೈದೂವರೆ ಕಿಲೋಗೆ ಇಳಿಯಿತು. ವಾರಕ್ಕೊಮ್ಮೆ ಬರುವ ಡಾಕ್ಟರು ಮೇಷ್ಟ್ರನ್ನು ಪಕ್ಕಕ್ಕೆ ಕರೆದು, “ಮೂವತ್ತೈದಕ್ಕಿಂತ ಕೆಳಗಿಳಿದರೆ ಇಲ್ಲಿ ಇಟ್ಟುಕೊಳ್ಳೋಕಾಗಲ್ಲ. ಮೈಸೂರಿಗೆ ಸೇರಿಸಿ ಮೂಗಿಗೆ ಪೈಪು ಹಾಕಬೇಕಾಗುತ್ತೆ,” ಎಂದರು.

ಮೇಷ್ಟ್ರು ಆ ಮಧ್ಯಾಹ್ನ ಮಲಗಲಿಲ್ಲ. ಮಾರನೆಯ ಬೆಳಿಗ್ಗೆ ಪವಿತ್ರಾಳ ಹತ್ತಿರ ಹೋಗಿ, “ಚೀಟಿಯಲ್ಲಿ ಕೆಳಗೆ ಒಂದು ಸಾಲು ನನಗೆ ಕೊಡಮ್ಮ,” ಎಂದು ಕೇಳಿದರು. ಮೇಲೆ ಪವಿತ್ರಾಳ ತಾರೀಖು, ಕೆಳಗೆ ಮೇಷ್ಟ್ರ ದುಂಡು ಅಕ್ಷರದಲ್ಲಿ ‘ವಿಶ್ವಾವಸು ಸಂ., ಆಶ್ವಯುಜ ಬಹುಳ ದ್ವಾದಶಿ.’ ಅದನ್ನು ಚಂಪಕಮ್ಮ ಓದಿ, ಮುಖ ಅರಳಿಸಿ, “ಹಾಗನ್ನಿ ಮತ್ತೆ,” ಎಂದು ಒಂದು ತಟ್ಟೆ ಅನ್ನ ಮುಗಿಸಿದರು.

ಅಂದಿನಿಂದ ಹೊಂಗೆನೆರಳಿನಲ್ಲಿ ಕಾಲ ಬೇರೆ ರೀತಿ ನಡೆಯತೊಡಗಿತು. ಬೆಳಿಗ್ಗೆ ಮಂಜು ಕಾಂಪೌಂಡು ದಾಟಿ ಅಂಗಳಕ್ಕೆ ಬರುವಾಗ ಮೇಷ್ಟ್ರು ಸ್ಟೂಲಿನ ಮೇಲೆ ಕೂತು ತಿಥಿ ಬರೆಯುವರು. ಒಬ್ಬೊಬ್ಬರೇ ಬಂದು ಫ್ರಿಜ್ಜಿನ ಬಾಗಿಲು ತೆರೆದು ಆ ದಿನ ಯಾವ ದಿನವೆಂದು ಓದಿಕೊಂಡು ಹೋಗುವರು. ತಣ್ಣನೆಯ ಬೆಳಕಿನಲ್ಲಿ ದಿನಗಳು ಸ್ಟೀಲು ಡಬ್ಬಿಗಳಲ್ಲಿ ಸಾಲಾಗಿ ಕೂತಿರುತ್ತಿದ್ದವು. ಚಂಪಕಮ್ಮ ಓದಿದ ತಿಥಿಯೊಳಗೇ ಸಂಜೆಯವರೆಗೆ ವಾಸ ಮಾಡುತ್ತಿದ್ದರು. ಚೌತಿ ಎಂದಿದ್ದರೆ ಚಂದ್ರ ಕಾಣಬಾರದೆಂದು ಕಿಟಕಿ ಮುಚ್ಚಿಸುವರು. ಅಷ್ಟಮಿಯಾದರೆ ಬಾಗಿಲಿನಿಂದ ತಮ್ಮ ಮಂಚದವರೆಗೆ ಪುಟ್ಟ ಕೃಷ್ಣನ ಹೆಜ್ಜೆ ಬಿಡಿಸಲು ಹಿಟ್ಟು ಕೇಳುವರು. ತಿಂಗಳು ಯಾವುದಾದರೂ ಅವರಿಗೆ ನಡೆಯುತ್ತಿತ್ತು. ತಲಕಾಡಿನ ಮರಳು ಗಾಳಿಗೆ ಎದ್ದು ಅನ್ನದ ಮೇಲೆ ಬೀಳದಂತೆ ಅಮ್ಮ ತಟ್ಟೆಗೆ ಸೆರಗು ಹಿಡಿಯುತ್ತಿದ್ದುದನ್ನು ಹೇಳುತ್ತ, ತಾವೂ ತಟ್ಟೆಗೆ ಸೆರಗು ಹಿಡಿದುಕೊಂಡು ಉಣ್ಣುವರು. ತೂಕ ಮೂವತ್ತೆಂಟಾಯಿತು.

ಇದರಲ್ಲಿ ಒಂದು ತೊಡಕಿತ್ತು. ತಿಥಿಗಳಲ್ಲಿ ಏಕಾದಶಿಯೂ ಸೇರಿದೆ.

ಕಾರ್ತಿಕ ಶುದ್ಧ ಏಕಾದಶಿಯ ದಿನ ಮೇಷ್ಟ್ರು ಇದ್ದದ್ದನ್ನು ಇದ್ದಂತೆ ಬರೆದರು. ಚಂಪಕಮ್ಮ ಓದಿದರು, ಕೈಮುಗಿದರು, ಕೋಣೆಗೆ ಹೋಗಿ ಕದ ಹಾಕಿಕೊಂಡರು. ಹನ್ನೆರಡನೆಯ ವಯಸ್ಸಿನಿಂದ ಮಾಡಿದ ಉಪವಾಸ. ಅವರ ಮೈ ಇನ್ನೂ ಮರೆಯದ ಕೆಲವೇ ಸಂಗತಿಗಳಲ್ಲಿ ಒಂದು. ನೀರೂ ಮುಟ್ಟಲಿಲ್ಲ. ಸಂಜೆ ವರಾಂಡದಲ್ಲಿ ಕುಸಿದರು. ಆ ವಾರ ತೂಕದ ಯಂತ್ರ ಮೂವತ್ತೈದು ಚಿಲ್ಲರೆ ತೋರಿಸಿತು. ಡಾಕ್ಟರು ಮೈಸೂರಿನ ಆಸ್ಪತ್ರೆಯ ಫೋನು ನಂಬರು ಬರೆದುಕೊಟ್ಟು ಹೋದರು.

ಹದಿನೈದು ದಿನ ತಳ್ಳುವುದರೊಳಗೆ ಬಹುಳ ಏಕಾದಶಿ ಬಂತು. ಪವಿತ್ರಾ ತಂಗಿಯ ಮಗುವಿನ ನಾಮಕರಣಕ್ಕೆಂದು ಶುಕ್ರವಾರ ರಜೆ ಹಾಕಿದ್ದಳು. ಶುಕ್ರವಾರ ದಶಮಿ. ಮೇಷ್ಟ್ರು ಕೆಳಗಿನ ಸಾಲಿನಲ್ಲಿ ದಶಮಿ ಎಂದು ಬರೆದರು. ಮೇಲಿನ ಸಾಲನ್ನು ಪವಿತ್ರಾಳ ಹೊರತು ಯಾರೂ ಮುಟ್ಟುವಂತಿರಲಿಲ್ಲವಾದ್ದರಿಂದ ಯಾರೂ ಮುಟ್ಟಲಿಲ್ಲ, ಖಾಲಿ ಬಿಟ್ಟರು. ಆ ಮಧ್ಯಾಹ್ನ ಮೂರು ಗಂಟೆ ಹೊತ್ತು ಕರೆಂಟು ಹೋಗಿ ಫ್ರಿಜ್ಜೂ ಸುಮ್ಮನಾಯಿತು. ಯಾರಿಗೂ ಹೊಳೆಯ ಕನಸು ಬೀಳಲಿಲ್ಲ.

ಶನಿವಾರ ಬೆಳಿಗ್ಗೆ ಮೇಷ್ಟ್ರು ಎಂದಿನಂತೆ ಸ್ಟೂಲಿನ ಮೇಲೆ ಕೂತರು. ಮಂಜಿನಲ್ಲಿ ತಾಂಡ್ಯದ ಫ್ಯಾಕ್ಟರಿಗೆ ಪಾಳಿಯವರನ್ನು ಒಯ್ಯುವ ಬಸ್ಸು ಕಾಣಿಸದೆಯೇ ಹಾದುಹೋಯಿತು. ಪಂಚಾಂಗದ ಕರಡಿನಲ್ಲಿ ಒಂದು ಗಳಿಗೆ ಹೆಚ್ಚುಕಡಿಮೆಯಾದರೂ ಮುದ್ರಕನನ್ನು ನಿದ್ದೆಯಿಂದೆಬ್ಬಿಸಿದ್ದ ಮನುಷ್ಯ ಅವರು. ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದು, ‘ಬಹುಳ ದಶಮಿ’ ಎಂದು ಬರೆದರು. ಅಕ್ಷರ ಮಾತ್ರ ಎಂದಿಗಿಂತ ಚೆನ್ನಾಗಿ ಬಂತು.

ಚಿಕ್ಕಮಾದಮ್ಮನಿಗೆ ಒಂದು ಪದ್ಧತಿಯಿತ್ತು. ಬೆಳಿಗ್ಗೆ ಮೇಷ್ಟ್ರನ್ನು ತಿಥಿ ಕೇಳುವುದು. ಆ ತಿಥಿ ಇಲ್ಲದ ಡಬ್ಬಿಗಳನ್ನೆಲ್ಲ ಬಕೆಟ್ಟಿಗೆ ಸುರಿಯುವುದು.

“ಸಾಮಿ, ಇವತ್ತೇನು?”

“ದಶಮಿ.”

“ನೆನ್ನೇನೂ ಅದೇ ಅಂದಂಗಿತ್ತಲ್ಲಾ?”

“ಕೆಲವು ಸಲ ತಿಥಿ ಎರಡು ದಿನ ನಿಲ್ಲುತ್ತೆ, ಚಿಕ್ಕಮಾದಮ್ಮ.”

ಇದು ಶಾಸ್ತ್ರಕ್ಕೆ ಸರಿಯಾದ ಮಾತೇ. ಆ ದಿನಕ್ಕೆ ಮಾತ್ರ ಸರಿಯಲ್ಲ. ಚಿಕ್ಕಮಾದಮ್ಮ ಫ್ರಿಜ್ಜು ತೆಗೆದು ನೋಡಿದಳು. ಎಲ್ಲ ಡಬ್ಬಿಗಳೂ ದಶಮಿಯವೇ. ಬಕೆಟ್ಟಿಗೆ ಅಂದು ಕೆಲಸವಿರಲಿಲ್ಲ. ಚಂಪಕಮ್ಮ ಚೀಟಿ ಓದಿ, “ನಾಳೆ ಏಕಾದಶಿ, ಇವತ್ತು ಚೆನ್ನಾಗಿ ತಿಂದುಬಿಡಬೇಕು,” ಎಂದು ಎರಡು ಇಡ್ಲಿ ತಿಂದರು. ಮೇಷ್ಟ್ರು ತಮ್ಮ ಇಡ್ಲಿಗಳನ್ನು ಮಾದಪ್ಪನವರ ತಟ್ಟೆಗೆ ಜಾರಿಸಿದರು. ಸುಳ್ಳು ಬರೆದದ್ದಾಯಿತು, ಉಪವಾಸವನ್ನೂ ಮುರಿಯುವುದು ಅವರಿಂದಾಗಲಿಲ್ಲ.

ಒಂಬತ್ತೂವರೆಗೆ ಪವಿತ್ರಾ ಬಂದಳು. ಬ್ಯಾಗು ಮೊಳೆಗೆ ತಗುಲಿಸಿ, ನಾಮಕರಣದ ಲಾಡು ಹಂಚಿ, ಫ್ರಿಜ್ಜು ತೆಗೆದಳು. ಒಂದೇ ಶೆಲ್ಫಿನಲ್ಲಿ ಎರಡು ಡಬ್ಬಿ, ಎರಡರಲ್ಲೂ ಮಜ್ಜಿಗೆಹುಳಿಗೆ ರುಬ್ಬಿದ ಕಾಯಿ, ಎರಡರ ಮೇಲೂ ‘ದಶಮಿ’, ಎರಡರ ಮೇಲಿನ ಸಾಲೂ ಖಾಲಿ.

“ಚಿಕ್ಕಮಾದಮ್ಮ, ಇದ್ಯಾಕೆ ಎರಡು?”

“ಒಂದು ನೆನ್ನೆ ರುಬ್ಬಿದ್ದು ಮಿಕ್ತು ಕಣವ್ವಾ. ಒಂದು ಇವತ್ತು ರುಬ್ಬುದ್ದು.”

“ಯಾವುದು ನೆನ್ನೇದು?”

ಚಿಕ್ಕಮಾದಮ್ಮ ಡಬ್ಬಿಗಳನ್ನು ನೋಡಿದಳು. ಡಬ್ಬಿಗಳೂ ಅವಳನ್ನು ನೋಡಿದವು. “ಎರಡೂ ದಸಮೀದೇ ಅಲ್ವಾ? ಸಾಮಿ ಏಳವ್ರೆ. ತಿಥಿ ಎರಡು ದಿನ ನಿಂತದಂತೆ.”

ಪವಿತ್ರಾ ತಿರುಗಿದಳು. “ಮೇಷ್ಟ್ರೇ?”

ಮೇಷ್ಟ್ರು ಬೆಂಚಿನ ಕಡೆ ನೋಡಿದರು. ಚಂಪಕಮ್ಮ ಅಲ್ಲೇ ಕೂತು, ಲಾಡಿನ ಒಂದೊಂದೇ ಕಾಳನ್ನು ಬಿಡಿಸಿ ತಿನ್ನುತ್ತ, ಏನನ್ನೋ ನೆನೆದು ನಗುತ್ತಿದ್ದರು. ನಿಜ ಹೇಳಿದರೆ ಆ ಲಾಡು ಅಲ್ಲಿಗೇ ನಿಲ್ಲುತ್ತದೆ. ಹೇಳದಿದ್ದರೆ ನೆನ್ನೆಯ ಕಾಯಿ ಇಪ್ಪತ್ತಮೂರು ತಟ್ಟೆಗೆ ಹೋಗುತ್ತದೆ.

ಮೇಷ್ಟ್ರು ಹಿಂದೆಮುಂದೆ ನೋಡುತ್ತಿರುವುದನ್ನು ಮಾದಪ್ಪನವರು ತಮ್ಮ ಅವಕಾಶವೆಂದು ತಿಳಿದರು. ಎದ್ದು ಬಂದು ಚಮಚ ತೆಗೆದುಕೊಂಡರು. “ತತ್ತಾ ಇಲ್ಲಿ. ನಾಲ್ಗೆ ಮ್ಯಾಲೆ ಇಟ್ಟೇಟ್ಗೆ ಏಳ್ಬುಡ್ತೀನಿ ಯಾವುದು ತಂಗ್ಳು ಅಂತ. ನಿಮ್ ಚೀಟಿಗಿಂತ ನನ್ ನಾಲ್ಗೆ ವಾಸಿ.”

“ಬೇಡಿ ಮಾದಪ್ನೋರೆ. ನೆನ್ನೆ ಕರೆಂಟು ಇರ್ಲಿಲ್ವಂತೆ.”

“ಓಗ್ಲಿ ಬುಡವ್ವ, ಎಪ್ಪತ್ತೆಂಟು ವರ್ಸ ತಂಗ್ಳು ತಿಂದಿರೋ ಒಟ್ಟೆ ಇದು.” ಚಮಚ ಡಬ್ಬಿಗೆ ಹೋಗಿ, ತುಂಬಿಕೊಂಡು, ಮೀಸೆಯವರೆಗೆ ಬಂತು.

“ಮಾದಪ್ಪಾ! ಇಳಿಸಿ ಕೆಳಗೆ!”

ಮೂವತ್ತೆಂಟು ವರ್ಷ ಪಾಠ ಹೇಳಿ ಕೊನೆಯ ಬೆಂಚಿನವರೆಗೆ ಮುಟ್ಟಿಸಿದ್ದ ಮೇಷ್ಟ್ರ ಧ್ವನಿ. ಚಮಚ ಇಳಿಯಿತು.

“ಇವತ್ತು ದಶಮಿ ಅಲ್ಲ,” ಎಂದರು ಮೇಷ್ಟ್ರು, ಈಗ ಮೆಲ್ಲಗೆ. “ಏಕಾದಶಿ. ನಾನು ಸುಳ್ಳು ಬರೆದೆ. ಎಡಗಡೆ ಡಬ್ಬಿ ನೆನ್ನೇದು. ಹಾಗಂತ ನನ್ನ ಜ್ಞಾಪಕ.”

ಬೆಂಚಿನ ಮೇಲೆ ಲಾಡಿನ ಕಾಳು ಬಿದ್ದ ಸದ್ದಾಯಿತು. ಚಂಪಕಮ್ಮ ಕೈ ಕೊಡವಿ, ಬಾಯಿ ಒರೆಸಿಕೊಂಡು ಎದ್ದರು. “ಏಕಾದಶಿ ದಿನ ಇಡ್ಲಿ ತಿನ್ನಿಸಿದರು,” ಎಂದು ಗೋಡೆಗೆ ದೂರು ಹೇಳಿ, ಗೋಡೆ ಹಿಡಿದುಕೊಂಡೇ ಕೋಣೆಗೆ ಹೋದರು. ಅವರ ಹೆಜ್ಜೆಗೆ ಸದ್ದೇ ಇರಲಿಲ್ಲ, ಅಷ್ಟು ಹಗುರಾಗಿದ್ದರು.

ಪವಿತ್ರಾ ಎರಡೂ ಡಬ್ಬಿಗಳನ್ನು ಬಕೆಟ್ಟಿಗೆ ಸುರಿದಳು.

“ಬಲಗಡೇದು ಒಳ್ಳೇದಮ್ಮ,” ಎಂದರು ಮೇಷ್ಟ್ರು.

“ಇರಬೌದು. ಆದ್ರೆ ಒಂದು ಚೀಟಿ ಸುಳ್ಳಾದ್ಮೇಲೆ ನಿಮ್ಮ ಜ್ಞಾಪಕಕ್ಕೆ ನಾನು ಯಾವ ಚೀಟಿ ಅಂಟಿಸ್ಲಿ ಮೇಷ್ಟ್ರೇ?” ಎಂದವಳೇ, ಅವರ ಮುಖ ನೋಡಿ ಹುಬ್ಬಿಳಿಸಿದಳು. “ತಾರೀಖಿನ ಸಾಲು ಖಾಲಿ ಬಿಡಿಸಿದ್ದು ನಾನು. ಅದು ನನ್ನ ತಪ್ಪು. ಚಿಕ್ಕಮಾದಮ್ಮ, ಮಜ್ಜಿಗೆಹುಳಿ ಬಿಡು. ಅವಲಕ್ಕಿ ಒಗ್ಗರಣೆ ಹಾಕು, ಬಿಸಿ ಬಿಸಿ, ಎಲ್ರಿಗೂ. ಏಕಾದಶಿ ಹಿಡಿಯೋರೂ ತಿನ್ಲಿ.”

“ಅಮ್ನೋರು ಅವಲಕ್ಕೀನೂ ಮುಟ್ಟಲ್ಲ ಕಣವ್ವಾ. ಓದ ಸಲ ನೀರೂ ಮುಟ್ಟಲಿಲ್ಲ.”

“ಎಂಬತ್ತು ದಾಟಿದವರಿಗೆ ಏಕಾದಶಿ ಉಪವಾಸವೇ ಇಲ್ಲ,” ಎಂದರು ಮೇಷ್ಟ್ರು, ಯಾರಿಗೂ ಅಲ್ಲದ ಹಾಗೆ. “ಶಾಸ್ತ್ರದಲ್ಲೇ ಇದೆ. ಉಪವಾಸವೇನಿದ್ದರೂ ಎಂಟು ವರ್ಷ ತುಂಬಿದ ಮೇಲೆ, ಎಂಬತ್ತರೊಳಗೆ.”

“ಮತ್ತೆ ಅದನ್ನೇ ಹೇಳ್ಬಾರ್ದಾ ಅವರಿಗೆ?”

“ಹೇಳಿದೆನಲ್ಲ, ಹೋದ ಸಲ. ‘ಎಂಬತ್ತಾದವರು ನಿಮ್ಮಮ್ಮ, ಹೋಗಿ ಅವರಿಗೆ ಹೇಳಿ,’ ಅಂದಳು. ಬಾಯಿಮಾತು ನಂಬೋದಿಲ್ಲ ಅವಳು. ಬರೆದದ್ದನ್ನ ನಂಬ್ತಾಳೆ. ಅಂದರೆ, ನಂಬ್ತಿದ್ದಳು.”

ಪವಿತ್ರಾ ಸುರುಳಿಯಿಂದ ಒಂದು ಚೀಟಿ ಹರಿದು, ಮೇಲಿನ ಸಾಲಿನಲ್ಲಿ ತಾರೀಖು ಬರೆದು, ಮೇಷ್ಟ್ರ ಕೈಗೆ ಕೊಟ್ಟಳು. “ಹಾಗಾದ್ರೆ ಬರೀರಿ. ಒಂದಕ್ಷರ ಸುಳ್ಳಿರಬಾರದು.”

ಮೇಷ್ಟ್ರು ನಿಂತಲ್ಲೇ, ಫ್ರಿಜ್ಜಿಗೆ ಚೀಟಿ ಒತ್ತಿ ಹಿಡಿದು ಬರೆದರು. ಕೋಣೆಗೆ ಹೋದಾಗ ಚಂಪಕಮ್ಮ ಮಂಚದಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ್ದರು. ಕಿಟಕಿಯಲ್ಲಿ ಮಂಜು ಇನ್ನೂ ಪೂರ್ತಿ ಹರಿದಿರಲಿಲ್ಲ. ಕೋಣೆಯೊಳಗಿನ ಬೆಳಕು ಹಾಲಿಗೆ ನೀರು ಬೆರೆಸಿದ ಹಾಗಿತ್ತು. ಚೀಟಿಯನ್ನು ಎಲ್ಲಿ ಅಂಟಿಸುವುದೆಂದು ತೋಚದೆ ಮೇಷ್ಟ್ರು ತಮ್ಮ ಬೆರಳಿಗೇ ಅಂಟಿಸಿಕೊಂಡು ಅವರ ಕಣ್ಣೆದುರು ಹಿಡಿದರು.

‘ಚಂಪಕ. ಜನನ: ತಾರಣ ಸಂವತ್ಸರ, ಶ್ರಾವಣ, ತಲಕಾಡು. ಇಂದು: ವಿಶ್ವಾವಸು ಸಂವತ್ಸರ, ಕಾರ್ತಿಕ ಬಹುಳ ಏಕಾದಶಿ.’

“ಇದೂ ಸುಳ್ಳೇ ಇರಬೇಕು,” ಎಂದರು ಚಂಪಕಮ್ಮ.

“ನಂಬಬೇಡ. ಎಣಿಸಿ ನೋಡು.”

ಅರ್ಚಕರ ಮಗಳಿಗೆ ಸಂವತ್ಸರ ಎಣಿಸುವುದೆಂದರೆ ಮಗ್ಗಿ ಇದ್ದ ಹಾಗೆ. ಅದು ಬುದ್ಧಿಯಲ್ಲಿರುವುದಿಲ್ಲ, ಬೆರಳ ಗೆಣ್ಣಿನಲ್ಲಿರುತ್ತದೆ. ಮಲಗಿದಲ್ಲೇ ಹೆಬ್ಬೆರಳು ಹೊರಟಿತು. ಪಾರ್ಥಿವ, ವ್ಯಯ, ಸರ್ವಜಿತ್ತು, ಸರ್ವಧಾರಿ. ಒಂದೊಂದು ಹೆಸರಿಗೂ ಅವರು ಕೊಂಚ ನಿಲ್ಲುವರು, ಆ ವರ್ಷ ಬಾಗಿಲು ತೆಗೆದು ಏನನ್ನೋ ತೋರಿಸಿ ಮತ್ತೆ ಮುಚ್ಚಿಕೊಂಡ ಹಾಗೆ. ನಂದನದ ಹತ್ತಿರ ನಕ್ಕರು. ವಿಕಾರಿಯಲ್ಲಿ ಯಾರನ್ನೋ ಗದರಿದರು. ಮೇಷ್ಟ್ರು ಬೆರಳು ಕದಲಿಸದೆ ನಿಂತಿದ್ದರು. ಶುಭಕೃತು, ಶೋಭಕೃತು, ಕ್ರೋಧಿ, ವಿಶ್ವಾವಸು.

“ಇಪ್ಪತ್ತೊಂದು,” ಎಂದು ಎದ್ದು ಕೂತರು. “ಅಷ್ಟೇನೆ?”

“ತಾರಣ ಒಂದು ಸುತ್ತು ಬಂದುಹೋಗಿತ್ತಲ್ಲ.”

“ಹೌದಲ್ಲ. ನಿಮ್ಮ ಷಷ್ಟಿಪೂರ್ತಿ ಆಗಿ ನಾಲ್ಕು ವರ್ಷಕ್ಕೆ.” ಬೆರಳು ನಿಂತುಹೋಯಿತು. “ಅರವತ್ತು, ಇಪ್ಪತ್ತೊಂದು. ಎಂಬತ್ತೊಂದು! ನನಗಾ?”

“ನಿನಗೇ.”

ಚಂಪಕಮ್ಮ ತಮ್ಮ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಚೀಟಿಗೂ ಕೈಗೂ ತಾಳೆಯಾಯಿತೆಂದು ಕಾಣುತ್ತದೆ. “ಹಾಗಾದರೆ ಅತ್ತೆ?”

“ಹೋಗಿ ನಲವತ್ತು ವರ್ಷವಾಯಿತು, ಚಂಪಕಾ.”

“ಒಂದು ಮಾತು ಹೇಳಬಾರದಾಗಿತ್ತೆ? ಅವರು ಬೈತಾರೆ ಅಂತಲೇ ನಾನು ನೀರೂ ಮುಟ್ಟುತ್ತಿರಲಿಲ್ಲ.” ನಿಟ್ಟುಸಿರುಬಿಟ್ಟರು, ಅದರಲ್ಲಿ ದುಃಖಕ್ಕಿಂತ ಬಿಡುಗಡೆಯೇ ಹೆಚ್ಚಿದ್ದ ಹಾಗಿತ್ತು. ಆಮೇಲೆ ಎಷ್ಟೋ ತಿಂಗಳ ನಂತರ ಗಂಡನ ಮುಖವನ್ನು, ಅದು ಗಂಡನ ಮುಖವೆಂದು ತಿಳಿದು, ನೋಡಿದರು. “ನೀವು ವಿಕ್ರಮ ಸಂವತ್ಸರ. ನನಗಿಂತ ನಾಲ್ಕು ಹೆಚ್ಚು. ಎಂಬತ್ತೈದು. ಶಾಸ್ತ್ರ ನಿಮಗೂ ಒಂದೇ ತಾನೆ? ಮತ್ತೆ ಬೆಳಿಗ್ಗೆ ಆ ಗೌಡರ ತಟ್ಟೆಗೆ ಇಡ್ಲಿ ಯಾಕೆ ಹಾಕಿದಿರಿ? ನಾನು ನೋಡಲಿಲ್ಲ ಅಂದುಕೊಂಡಿರಾ?”

ಮೇಷ್ಟ್ರು ಬೆರಳಿನ ಚೀಟಿ ಬಿಡಿಸತೊಡಗಿದರು.

“ನಡೆಯಿರಿ,” ಎಂದರು ಚಂಪಕಮ್ಮ. “ಈ ವಯಸ್ಸಿನಲ್ಲಿ ಹಸಿದುಕೊಂಡು ಇರಬಾರದು.”

ಅಡುಗೆಮನೆಯಲ್ಲಿ ಸಾಸಿವೆ ಸಿಡಿದು, ಕರಿಬೇವಿನ ವಾಸನೆ ವರಾಂಡ ದಾಟಿ ಹೋಗಿತ್ತು. ಮಾದಪ್ಪನವರು ಬೆಂಚಿನಲ್ಲಿ ಜಾಗ ಬಿಟ್ಟು ಸರಿದರು. ಚಂಪಕಮ್ಮ ಕೂತು, ಬಾಣಲೆಯ ಕಡೆ ಕತ್ತು ಚಾಚಿ ಕೇಳಿದರು: “ಇವತ್ತಿಂದೇನಾ?”

“ಬಾಂಡ್ಲಿ ಇನ್ನೂ ಒಲೆ ಮ್ಯಾಲೇ ಅದೆ ಅಮ್ನೋರೆ,” ಎಂದಳು ಚಿಕ್ಕಮಾದಮ್ಮ. “ಚೀಟಿ ಅಂಟುಸುದ್ರೆ ಸುಟ್ಟೋಯ್ತದೆ.”

ಎರಡು ತಟ್ಟೆ ಬಂದವು. ಚಂಪಕಮ್ಮ ಮೊದಲ ತುತ್ತು ಬಾಯಿಗಿಟ್ಟು, ನಿಧಾನವಾಗಿ ಅಗಿದು, ಇನ್ನೊಂದು ತೆಗೆದುಕೊಂಡರು. ಕಡಲೆಬೀಜ ಮಾತ್ರ ಹಲ್ಲಿಲ್ಲದ ಬಾಯಿಗೆ ಬಗ್ಗಲಿಲ್ಲ. ಒಂದೊಂದನ್ನೇ ಆರಿಸಿ ಗಂಡನ ತಟ್ಟೆಯ ಅಂಚಿನಲ್ಲಿ ಸಾಲಾಗಿ ಇಡತೊಡಗಿದರು. ಮೇಷ್ಟ್ರಿಗೂ ಹಲ್ಲು ಹೋಗಿ ಬಹಳ ಕಾಲವಾಗಿತ್ತು. ಅದನ್ನು ಹೇಳದೆ, ಒಂದು ಬೀಜವನ್ನು ಬಾಯಿಗೆ ಹಾಕಿಕೊಂಡು, ಅದು ತಾನಾಗಿ ಮೆತ್ತಗಾಗಲೆಂದು ಕಾಯುತ್ತ ಕೂತರು.